ಸಿಪಿಎ ಮಾಡುವವರು ಮೊದಲು ರಾಜ್ಯ ಆರಿಸಿಕೊಳ್ಳಿ

ಕುಮಟಾ, ಹೊನ್ನಾವರ, ಶಿರಸಿ ಕಡೆ ಬಿ.ಕಾಂ. ಮುಗಿಸಿದ ಹುಡುಗ ಹುಡುಗಿಯರು ಈಗ ನನ್ನ ಹತ್ತಿರ ಕೇಳುವುದು ಒಂದೇ ಪ್ರಶ್ನೆ. "ಅಕ್ಕಾ, ಅಮೆರಿಕದ ಸಿಪಿಎ ನಾಲ್ಕೇ ಪೇಪರ್ ಅಂತೆ, ಸಿಎಗಿಂತ ಬೇಗ ಮುಗೀತದಂತೆ, ಮಾಡ್ಲಾ?" ಸಿಪಿಎ ಅಂದರೆ ಸರ್ಟಿಫೈಡ್ ಪಬ್ಲಿಕ್ ಅಕೌಂಟೆಂಟ್, ನಮ್ಮ ಸಿಎ ಇದ್ದ ಹಾಗೆ. ನಾಲ್ಕೇ ಪೇಪರ್ ಅನ್ನೋದು ನಿಜ. ಆದರೆ ನಾಲ್ಕು ಪೇಪರ್ ಪಾಸಾದ ಮಾತ್ರಕ್ಕೆ ಯಾರೂ ಸಿಪಿಎ ಆಗುವುದಿಲ್ಲ. ಲೈಸೆನ್ಸ್ ಬರಬೇಕು. ಅದನ್ನು ಕೊಡುವುದು ಅಮೆರಿಕದ ಯಾವುದಾದರೂ ಒಂದು ರಾಜ್ಯದ ಅಕೌಂಟೆನ್ಸಿ ಬೋರ್ಡ್. ಯಾವ ರಾಜ್ಯ ಅನ್ನೋದನ್ನು ಕೋಚಿಂಗ್ ಫೀಸ್ ಕಟ್ಟುವ ಮೊದಲೇ ತೀರ್ಮಾನ ಮಾಡಿ ಅಂತ ಹೇಳೋದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮಗೆ ಈ ವಿಷಯ ಬೇಗ ತಲೆಗೆ ಹೋಗುವುದಿಲ್ಲ. ಯಾಕೆಂದರೆ ನಮ್ಮಲ್ಲಿ ಸಿಎಗೆ ಇಡೀ ದೇಶಕ್ಕೆ ಒಂದೇ ಸಂಸ್ಥೆ, 1949ರ ಒಂದೇ ಕಾಯ್ದೆ, ಕಾರವಾರದವರಿಗೂ ಕೋಲ್ಕತ್ತಾದವರಿಗೂ ಒಂದೇ ನಿಯಮ. ಅಲ್ಲಿ ಹಾಗಲ್ಲ. 1896ರಲ್ಲಿ ನ್ಯೂಯಾರ್ಕ್ ಮೊದಲ ಸಿಪಿಎ ಕಾನೂನು ಮಾಡಿತು, ಆಮೇಲೆ ಒಂದೊಂದೇ ರಾಜ್ಯ ತನ್ನದೇ ಕಾನೂನು ಮಾಡಿಕೊಳ್ಳುತ್ತ ಹೋಯಿತು. ಈಗ ಗುವಾಮ್, ಪೋರ್ಟೊ ರಿಕೊದಂಥ ಅಮೆರಿಕದ ಅಧೀನ ಪ್ರದೇಶಗಳೂ ಎಲ್ಲ ಸೇರಿ 55 ಬೋರ್ಡ್‌ಗಳಿವೆ. ಪರೀಕ್ಷೆ ಮಾತ್ರ ಎಲ್ಲರಿಗೂ ಒಂದೇ. ಯಾರು ಬರೆಯಬಹುದು, ಬರೆದ ಮೇಲೆ ಯಾರಿಗೆ ಲೈಸೆನ್ಸ್ ಅನ್ನೋದು ಬೋರ್ಡಿಗೊಂದು ತರ.

ಪರೀಕ್ಷೆ ಬಗ್ಗೆ ಜಾಸ್ತಿ ಹೇಳಲ್ಲ, ಎಲ್ಲ ಕಡೆ ಮಾಹಿತಿ ಸಿಗುತ್ತದೆ. 2024ರ ಜನವರಿಯಿಂದ ಮೂರು ಪೇಪರ್ ಕಡ್ಡಾಯ, ನಾಲ್ಕನೆಯದನ್ನು ಮೂರರಲ್ಲಿ ಒಂದು ಆರಿಸಿಕೊಳ್ಳಬೇಕು. ಒಂದೊಂದಕ್ಕೂ ನಾಲ್ಕು ಗಂಟೆ, 75 ಬಂದರೆ ಪಾಸು. ಬೆಂಗಳೂರಲ್ಲೇ ಬರೆಯಬಹುದು.

ಕಷ್ಟ ಇರುವುದು ಓದಿನ ಲೆಕ್ಕದಲ್ಲಿ. ಅಮೆರಿಕದಲ್ಲಿ ಓದನ್ನು ಕ್ರೆಡಿಟ್ ಅನ್ನುವ ಅಳತೆಯಲ್ಲಿ ಎಣಿಸುತ್ತಾರೆ, ನಾಲ್ಕು ವರ್ಷದ ಡಿಗ್ರಿಗೆ 120 ಕ್ರೆಡಿಟ್. ಬಹಳ ಕಾಲದಿಂದ ಲೈಸೆನ್ಸ್‌ಗೆ ಕೇಳುತ್ತ ಬಂದಿರುವುದು 150. ನಮ್ಮ ಮೂರು ವರ್ಷದ ಬಿ.ಕಾಂ.ಗೆ ಸಾಮಾನ್ಯವಾಗಿ ಸಿಗುವುದು 90. ಎರಡು ವರ್ಷದ ಎಂ.ಕಾಂ. ಸೇರಿದರೆ 150ರ ಹತ್ತಿರ ಬರುತ್ತದೆ. ಒಟ್ಟು ಸಂಖ್ಯೆ ಸರಿಹೋದರೂ ಮುಗಿಯಲಿಲ್ಲ, ಅದರೊಳಗೆ ಅಕೌಂಟಿಂಗ್‌ನಲ್ಲಿ ಇಷ್ಟು, ಬಿಸಿನೆಸ್ ವಿಷಯದಲ್ಲಿ ಇಷ್ಟು ಅಂತ ಬೇರೆ ಕೇಳುತ್ತಾರೆ, ಹಲವು ಕಡೆ ತಲಾ 24. ನಾವು ಓದಿದ ಕನ್ನಡ, ಸಂವಿಧಾನದ ಪೇಪರ್‌ಗಳು ಒಟ್ಟು ಲೆಕ್ಕಕ್ಕೆ ಬರಬಹುದು, ಅಕೌಂಟಿಂಗ್ ಲೆಕ್ಕಕ್ಕೆ ಬರುವುದಿಲ್ಲ. ಕೆಲವು ರಾಜ್ಯಗಳು 120ಕ್ಕೇ ಪರೀಕ್ಷೆಗೆ ಕೂರಿಸುತ್ತವೆ. ಕೋಚಿಂಗ್‌ನವರು ಇಷ್ಟನ್ನೇ ತೋರಿಸಿ ಸೇರಿಸಿಕೊಳ್ಳುವುದನ್ನು ನೋಡಿದ್ದೇನೆ. ಪರೀಕ್ಷೆಗೆ ಕೂರುವ ಅರ್ಹತೆ ಬೇರೆ, ಲೈಸೆನ್ಸ್ ಅರ್ಹತೆ ಬೇರೆ ಅಂತ ಅವರು ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳಬೇಕಿತ್ತು. ಅಡಿಕೆ ಮಾರಿದ ದುಡ್ಡಲ್ಲಿ ಅಪ್ಪ ಫೀಸ್ ಕಟ್ಟಿದ ಮಕ್ಕಳು ಅಲ್ಲಿ ಸೇರುವವರು, ಅದಕ್ಕೇ ನನಗೆ ಸಿಟ್ಟು.

ಈಚೆಗೆ ಒಂದು ಬದಲಾವಣೆ ಆಗಿದೆ. 2025ರ ಜನವರಿಯಲ್ಲಿ ಒಹಾಯೋ ರಾಜ್ಯ ಇನ್ನೊಂದು ದಾರಿಗೆ ಕಾನೂನು ಮಾಡಿತು, ಡಿಗ್ರಿ ಜೊತೆ ಎರಡು ವರ್ಷದ ಅನುಭವ ಇದ್ದರೆ 150 ಬೇಡ ಅಂತ. ಬೇರೆ ರಾಜ್ಯಗಳೂ ಅದೇ ದಾರಿಗೆ ಬರುತ್ತಿವೆ. ಖುಷಿಯ ಸುದ್ದಿಯೇ. ಆದರೆ ಅಲ್ಲಿ ಡಿಗ್ರಿ ಅಂದರೆ ಅವರ ಡಿಗ್ರಿಗೆ ಸಮ ಅಂತ ಒಪ್ಪಿದ ಡಿಗ್ರಿ. ನಮ್ಮ ಮೂರು ವರ್ಷದ್ದು ಹಾಗೆ ಒಪ್ಪಿತವಾಗುತ್ತದಾ ಅನ್ನೋದನ್ನು ಮೊದಲು ಕೇಳಿಕೊಂಡೇ ಮುಂದೆ ಹೋಗಿ.

ಈಗ ದಾಖಲೆ. ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ವಿಶ್ವವಿದ್ಯಾಲಯವೇ ಕೊಡುವ ಅಂಕಗಳ ಅಧಿಕೃತ ಪಟ್ಟಿಗೆ ಟ್ರಾನ್ಸ್‌ಕ್ರಿಪ್ಟ್ ಅನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ ಡಿಗ್ರಿ ಮಾಡಿದ ಹೆಚ್ಚಿನವರ ಟ್ರಾನ್ಸ್‌ಕ್ರಿಪ್ಟ್ ಬರಬೇಕಾದದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ. ಕರಾವಳಿಯವರು ಅಂಕೋಲಾ ಮೇಲೆ ಅರಬೈಲ್ ಘಟ್ಟ ಹತ್ತಿ ಹೋಗಬೇಕು, ಆದ್ದರಿಂದ ಮಳೆಗಾಲಕ್ಕೆ ಮುಂಚೆಯೇ ಆ ಕೆಲಸ ಮುಗಿಸಿಬಿಡಿ. ಹೋಗುವ ಮೊದಲು ಎಲ್ಲ ಸೆಮಿಸ್ಟರಿನ ಮಾರ್ಕ್ಸ್‌ಕಾರ್ಡ್‌ಗಳನ್ನೂ ಪಾಸ್‌ಪೋರ್ಟನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಹೆಸರು ಓದಿ. ಒಂದರಲ್ಲಿ ಹೆಗಡೆ, ಇನ್ನೊಂದರಲ್ಲಿ ಹೆಗ್ಡೆ. ಒಂದರಲ್ಲಿ ನಾಯ್ಕ, ಇನ್ನೊಂದರಲ್ಲಿ ನಾಯಕ್. ಮಾರ್ಕ್ಸ್‌ಕಾರ್ಡಿನಲ್ಲಿ ಬರೀ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ಮದುವೆಯಾದ ಹೆಣ್ಣುಮಕ್ಕಳಿಗೆ ಮತ್ತೊಂದು ಹೆಸರು. ಪರೀಕ್ಷಾ ಕೇಂದ್ರದಲ್ಲಿ ಪಾಸ್‌ಪೋರ್ಟಿನ ಹೆಸರೂ ಪರೀಕ್ಷೆಯವರು ಕಳಿಸಿದ ಪ್ರವೇಶ ಪತ್ರದ ಹೆಸರೂ ಒಂದೇ ಇರಬೇಕು, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ವ್ಯತ್ಯಾಸ ಕಂಡರೆ ಅಫಿಡವಿಟ್ ಸಾಕಾ, ತಿದ್ದುಪಡಿಯೇ ಆಗಬೇಕಾ ಅಂತ ಕೇಳಿ, ಅದನ್ನು ಆಗಲೇ ಮಾಡಿಸಿ.

ಪರೀಕ್ಷೆ, ಓದು ಆದ ಮೇಲೆ ಲೈಸೆನ್ಸ್‌ಗೆ ಬೇಕಾದ ಮೂರನೆಯದು ಅನುಭವ. ಸಾಮಾನ್ಯವಾಗಿ ಒಂದು ವರ್ಷ, ಕೆಲವು ಬೋರ್ಡ್‌ಗಳು ಅದನ್ನು 2000 ಗಂಟೆ ಅಂತ ಲೆಕ್ಕ ಹಾಕುತ್ತವೆ. ಕೆಲಸ ಮಾಡಿದರೆ ಸಾಲದು, ಲೈಸೆನ್ಸ್ ಇರುವ ಸಿಪಿಎ ಒಬ್ಬರು ತಮ್ಮ ಲೈಸೆನ್ಸ್ ನಂಬರ್ ಹಾಕಿ ಸಹಿ ಮಾಡಿಕೊಡಬೇಕು. ಕೆಲವು ರಾಜ್ಯಗಳಿಗೆ ಅವರ ಕೈಕೆಳಗೇ ಕೆಲಸ ಮಾಡಿರಬೇಕು, ಕೆಲವಕ್ಕೆ ಪರಿಶೀಲಿಸಿ ಸಹಿ ಹಾಕಿದರೆ ಆಯಿತು. ನಾನು ಅಮೆರಿಕದ ಟ್ಯಾಕ್ಸ್ ಕೆಲಸವನ್ನು ಹೆಚ್ಚಾಗಿ ಕುಮಟೆಯ ಮನೆಯಿಂದಲೇ ಮಾಡುತ್ತೇನೆ. ನನ್ನ ಮ್ಯಾನೇಜರ್ ಸಿಪಿಎ ಆಗಿದ್ದರಿಂದ ಈ ಹಂತ ದಾಟಿದೆ. ಕೆಲಸಕ್ಕೆ ಸೇರುವಾಗಲೇ "ಇಲ್ಲಿ ಸಹಿ ಹಾಕುವ ಸಿಪಿಎ ಯಾರಿದ್ದಾರೆ?" ಅಂತ ಕೇಳಿಬಿಡಿ, ಅದರಲ್ಲಿ ಸಂಕೋಚ ಬೇಡ. ಅವರು ಕಂಪನಿ ಬಿಡುವ ಸುಳಿವು ಸಿಕ್ಕರೆ ಅಲ್ಲಿಯವರೆಗಿನ ಅನುಭವಕ್ಕೆ ಸಹಿ ಹಾಕಿಸಿಕೊಳ್ಳಿ.

ಇಷ್ಟಾದ ಮೇಲೂ ಕೆಲವು ಬೋರ್ಡ್‌ಗಳು ಸೋಶಿಯಲ್ ಸೆಕ್ಯುರಿಟಿ ನಂಬರ್, ಅಂದರೆ ಅಮೆರಿಕ ಸರ್ಕಾರ ಕೊಡುವ ಗುರುತಿನ ಸಂಖ್ಯೆ ಕೇಳುತ್ತವೆ. ಊರಲ್ಲಿ ಕೂತವರಿಗೆ ಅದು ಎಲ್ಲಿಂದ ಬರಬೇಕು? ಆ ರಾಜ್ಯ ನಿಮಗಲ್ಲ, ಅಷ್ಟೇ. ಹಲವು ಕಡೆ ನೀತಿ ನಿಯಮದ ಇನ್ನೊಂದು ಪರೀಕ್ಷೆ ಇದೆ, ಪುಸ್ತಕ ನೋಡಿಕೊಂಡು ಬರೆಯುವಂಥದ್ದು, ಅದಕ್ಕೆ ಹೆದರಬೇಕಿಲ್ಲ.

ಕೊನೆಗೆ ಶಿರಸಿಯಲ್ಲೋ ಕಾರವಾರದಲ್ಲೋ ಸ್ವಂತ ಆಫೀಸ್ ಹಾಕಿಕೊಂಡು ಕಂಪನಿಗಳ ಆಡಿಟ್‌ಗೆ ಸಹಿ ಹಾಕಬೇಕು ಅನ್ನುವವರಿಗೆ ಒಂದು ಮಾತು. 2013ರ ಕಂಪನಿ ಕಾಯ್ದೆ ಪ್ರಕಾರ ಆ ಸಹಿ ಸಿಎ ಮಾಡಿದವರದ್ದೇ ಆಗಬೇಕು, ಅಮೆರಿಕದ ಸಿಪಿಎ ಅಲ್ಲಿ ನಡೆಯುವುದಿಲ್ಲ. ಅಂಥವರು ಸಿಎ ಮಾಡಿ, ಈಗ ಸಿಎ ಕೈಕೆಳಗಿನ ತರಬೇತಿಯಾದ ಆರ್ಟಿಕಲ್‌ಶಿಪ್ ಕೂಡ ಮೂರರಿಂದ ಎರಡು ವರ್ಷಕ್ಕೆ ಇಳಿದಿದೆ. ಅಮೆರಿಕದ ಕೆಲಸವೇ ಬೇಕು ಅನ್ನುವವರು ಎರಡು ಮೂರು ರಾಜ್ಯಗಳ ಬೋರ್ಡಿಗೆ ನೇರವಾಗಿ ಇಮೇಲ್ ಹಾಕಿ, ನಿಮ್ಮ ಓದು ಏನು, ಎಲ್ಲಿ ಕೆಲಸ ಮಾಡುತ್ತೀರಿ ಅಂತ ಬರೆದು ಲೈಸೆನ್ಸ್‌ಗೆ ಏನೇನು ಬೇಕು ಅಂತ ಕೇಳಿ. ಬಂದ ಉತ್ತರ ಓದಿ ಅರ್ಥವಾಗದಿದ್ದರೆ ನನಗೆ ಕಳಿಸಿ, ಕೂತು ಓದಿ ಹೇಳುತ್ತೇನೆ. ಏಪ್ರಿಲ್ 15ರವರೆಗೆ ಮಾತ್ರ ಅಮೆರಿಕದ ಟ್ಯಾಕ್ಸ್ ಸೀಸನ್, ಆಗ ಉತ್ತರ ಸ್ವಲ್ಪ ತಡವಾಗಬಹುದು.