ಬಿಳಿಜೋಳದ ಹೊಲದಲ್ಲಿ ಬಿಸಿಲಿನ ಲೆಕ್ಕ

ಜನವರಿಯ ಒಂದು ಭಾನುವಾರ ಪುಣೆಯ ನಾಲ್ಕು ಕನ್ನಡ ಮನೆಯವರು ಸೇರಿ ಸೊಲ್ಲಾಪುರ ರಸ್ತೆಯ ಕಡೆಯ ಹೊಲವೊಂದಕ್ಕೆ ಸೀತನಿ, ಅಂದರೆ ಕೆಂಡದಲ್ಲಿ ಸುಟ್ಟ ಹಸಿ ಜೋಳದ ಕಾಳು, ತಿನ್ನಲು ಹೋಗಿದ್ದೆವು. ಇಲ್ಲಿಯವರು ಅದನ್ನು ಹುರಡಾ ಎನ್ನುತ್ತಾರೆ. ಕುಳ್ಳಿನ ಕೆಂಡದಲ್ಲಿ ತೆನೆ ಸುಡುತ್ತಿದ್ದಾಗ ಇಂಡಿ ಕಡೆಯ ಹಿರಿಯರೊಬ್ಬರು, “ಬಿಳಿಜ್ವಾಳ ಮಂಜ ಕುಡದ ಬೆಳಿತೈತ್ರಿ” ಎಂದರು. ನಮ್ಮ ತಂದೆಯವರ ಮಾತೂ ಅದೇ ಆಗಿತ್ತು. ಮನೆಗೆ ಬಂದ ಮೇಲೆ ಅದನ್ನು ಲೆಕ್ಕಕ್ಕೆ ಹಚ್ಚಿ ನೋಡಿದೆ.

ಜನವರಿಯಲ್ಲಿ ಇಲ್ಲಿ ದಿನವೊಂದಕ್ಕೆ ಚದರ ಮೀಟರ್ ನೆಲದ ಮೇಲೆ ಸುಮಾರು 18 ಮೆಗಾಜೂಲ್ (ಮೆಗಾಜೂಲ್ ಎಂದರೆ ಶಕ್ತಿಯ ಒಂದು ಅಳತೆ) ಬಿಸಿಲು ಬೀಳುತ್ತದೆ. ಅದರ ಐದನೆಯ ಒಂದು ಪಾಲನ್ನು ಬೆಳೆ ಪ್ರತಿಫಲಿಸಿಬಿಡುತ್ತದೆ. ಮೋಡವಿಲ್ಲದ ಒಣ ಆಕಾಶಕ್ಕೆ ಹಗಲಿರುಳು ಶಾಖವಾಗಿ ಸೋರಿಹೋಗುವುದನ್ನೂ ಕಳೆದರೆ ಹೊಲಕ್ಕೆ ದಕ್ಕುವುದು ಅರ್ಧಕ್ಕಿಂತ ತುಸು ಕಡಿಮೆ. ನೀರು ಆವಿಯಾಗುವುದೂ, ಗಾಳಿ ಮತ್ತು ಮಣ್ಣು ಕಾಯುವುದೂ ಈ ಉಳಿಕೆಯಿಂದಲೇ. ದಂಟು, ಕಾಳುಗಳಾಗಿ ಕೂಡಿಬರುವುದು ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ. ಒಂದು ಮಿಲಿಮೀಟರ್ ನೀರು ಆವಿಯಾಗಲು 2.45 ಮೆಗಾಜೂಲ್ ಬೇಕಾಗುವುದರಿಂದ, ಉಳಿಕೆಯೆಲ್ಲ ಅದಕ್ಕೇ ಹೋದರೆ ದಿನಕ್ಕೆ 3 ಮಿಲಿಮೀಟರಿಗಿಂತ ಹೆಚ್ಚು ನೀರು ಖರ್ಚಾಗುತ್ತದೆ. ಇಬ್ಬನಿಯಾದರೋ ಒಂದು ರಾತ್ರಿಗೆ ಅರ್ಧ ಮಿಲಿಮೀಟರ್ ದಾಟುವುದೇ ಅಪರೂಪ.

ಹಾಗಾದರೆ ಜೋಳ ಕುಡಿಯುವುದು ಎರೆಭೂಮಿ, ಅಂದರೆ ಕಪ್ಪು ಮಣ್ಣಿನ ನೆಲ, ಹಿಡಿದಿಟ್ಟ ಸೆಪ್ಟೆಂಬರ್ ಮಳೆಯನ್ನು. ಎಡೆಕುಂಟೆ ಹೊಡೆದು ಬಿರುಕು ಮುಚ್ಚುವುದು ಆ ತೇವ ಹಾರಿಹೋಗದಿರಲಿ ಎಂದೇ. ಚಳಿಯ ಉಪಕಾರ ಬೇರೆಯದು: ಗಾಳಿ ತಂಪಾಗಿದ್ದಾಗ ನೀರಿನ ಬೇಡಿಕೆ ತಗ್ಗುತ್ತದೆ, ಬೆಳೆ ಮಾಗುವುದು ನಿಧಾನವಾಗಿ ಎಲೆಗಳಿಗೆ ಬಿಸಿಲು ಹಿಡಿಯಲು ಹೆಚ್ಚು ದಿನ ಸಿಗುತ್ತವೆ.

ರಾತ್ರಿಯ ಶಾಖದ ಸೋರಿಕೆಯ ಬಗ್ಗೆ ಹೇಳುವಾಗ ಪುಣೆಯವರು ಹೆಮ್ಮೆಪಡಬೇಕಾದ ಸಂಗತಿಯೊಂದಿದೆ. ಭಾರತೀಯ ಹವಾಮಾನ ಇಲಾಖೆಯ ಕೃಷಿ ಹವಾಮಾನ ವಿಭಾಗ 1932ರಲ್ಲಿ ಇಲ್ಲಿಯೇ ಆರಂಭವಾಯಿತು. ಅದರ ಮುಂದಾಳು ಎಲ್. ಎ. ರಾಮದಾಸ್, ಗಾಳಿಯಿಲ್ಲದ ಶುಭ್ರ ರಾತ್ರಿಗಳಲ್ಲಿ ಬರಿ ನೆಲದ ಮೇಲೆ ಅತಿ ತಂಪಾದ ಗಾಳಿ ಮಣ್ಣಿಗೆ ಅಂಟಿಕೊಂಡಿರದೆ ಒಂದೆರಡು ಗೇಣು ಮೇಲೆ ಇರುತ್ತದೆಂದು ತೋರಿಸಿದರು. ಮೊದಮೊದಲು ಇದನ್ನು ಅನೇಕರು ನಂಬಲಿಲ್ಲ; ತಳದ ಗಾಳಿಯೇ ಅತಿ ತಂಪೆಂದು ಕಲಿತ ನನಗೂ ನಂಬುವುದು ಕಷ್ಟವಾಯಿತು.

ಆ ದಿನ ಹೊಲದ ಒಂದು ಬದಿಯಲ್ಲಿ, ಮಣ್ಣು ತೆಳುವಾಗಿದ್ದಲ್ಲಿ, ಎಲೆಗಳು ಮಧ್ಯಾಹ್ನಕ್ಕೇ ಸುರುಳಿ ಸುತ್ತಿಕೊಂಡಿದ್ದವು. ತೇವ ಮುಗಿದಲ್ಲಿ ಎಲೆಯ ಪತ್ರರಂಧ್ರಗಳು ಮುಚ್ಚುತ್ತವೆ. ಆವಿಯಾಗಬೇಕಿದ್ದ ಶಕ್ತಿ ಎಲೆಯನ್ನೂ ಗಾಳಿಯನ್ನೂ ಕಾಯಿಸುತ್ತದೆ, ಇಂಗಾಲದ ಡೈಆಕ್ಸೈಡ್ ಒಳಬರದೆ ಬೆಳವಣಿಗೆ ನಿಲ್ಲುತ್ತದೆ. ಆ ಎಲೆಗಳನ್ನು ಮುಟ್ಟಿದಾಗ ಬೆಚ್ಚಗಿದ್ದವು. ಅದೇ ಬಿಸಿಲಿನಲ್ಲಿ ಹೊಲದ ನಡುವಿನ ಎಲೆಗಳು ಇನ್ನೂ ತಣ್ಣಗಿದ್ದವು.