ಬ್ಯಾರೋ ನದಿಯ ದಂಡೆಯ ಸೇಂಟ್ ಮಲಿನ್ಸ್: ಹೋಗುವವರಿಗೆ ಕೆಲವು ಮಾತು

ಐರ್ಲೆಂಡಿನ ಆಗ್ನೇಯ ಭಾಗದಲ್ಲಿರುವ ಕಾರ್ಲೋ ಕೌಂಟಿಯ ದಕ್ಷಿಣ ಅಂಚಿನಲ್ಲಿ, ಬ್ಯಾರೋ ನದಿಯ ಪೂರ್ವ ದಂಡೆಯ ಮೇಲೆ ಸೇಂಟ್ ಮಲಿನ್ಸ್ ಎಂಬ ಪುಟ್ಟ ಹಳ್ಳಿಯಿದೆ. ಕಾರಿನಲ್ಲಿ ನೇರವಾಗಿ ಹೋಗಿ ಅರ್ಧ ಗಂಟೆಯಲ್ಲಿ ನೋಡಿ ಹೊರಡುವವರೇ ಹೆಚ್ಚು. ಅಲ್ಲಿಗೆ ಹೋಗುವವರು ಗ್ರೇಗ್ನಮಾನ ಊರಿನಿಂದ ನದಿಯ ದಂಡೆಯಲ್ಲೇ ನಡೆದು ತಲುಪಬೇಕೆಂಬುದು ನನ್ನ ಸ್ಪಷ್ಟ ಸಲಹೆ.

ಭಾರತದ ಪಾಸ್‌ಪೋರ್ಟ್ ಉಳ್ಳವರು ಮೊದಲು ವೀಸಾ ವಿಚಾರವನ್ನು ಗಮನಿಸಬೇಕು. ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಸಾಕಾಗುವ ಷೆಂಗೆನ್ ವಲಯಕ್ಕೆ ಐರ್ಲೆಂಡ್ ಸೇರಿಲ್ಲವಾದ್ದರಿಂದ ಷೆಂಗೆನ್ ವೀಸಾ ಇಲ್ಲಿ ನಡೆಯುವುದಿಲ್ಲ. ಎರಡೂ ದೇಶಗಳಿಗೆ ಒಂದೇ ವೀಸಾ ಸಾಕೆನ್ನುವ ಬ್ರಿಟಿಷ್-ಐರಿಷ್ ವೀಸಾ ಯೋಜನೆಗೆ ಒಳಪಟ್ಟ ಬ್ರಿಟನ್ ವೀಸಾ ಪಡೆದವರು ಮೊದಲು ಬ್ರಿಟನ್ನಿಗೆ ಹೋಗಿ ಅಲ್ಲಿಂದ ಇಲ್ಲಿಗೆ ಬರಬಹುದು. ಹಳ್ಳಿಗೆ ರೈಲಿಲ್ಲ. ಡಬ್ಲಿನ್ನಿನ ಹ್ಯೂಸ್ಟನ್ ನಿಲ್ದಾಣದಿಂದ ವಾಟರ್‌ಫೋರ್ಡ್ ಮಾರ್ಗದ ರೈಲು ಹಿಡಿದು ಬೇಗನಲ್ಸ್‌ಟೌನ್ ಅಥವಾ ಥಾಮಸ್‌ಟೌನ್‌ನಲ್ಲಿ ಇಳಿದು, ಮೊದಲೇ ಗೊತ್ತುಮಾಡಿಕೊಂಡ ಟ್ಯಾಕ್ಸಿಯಲ್ಲಿ ಗ್ರೇಗ್ನಮಾನಕ್ಕೆ ಹೋಗುವುದು ಒಳ್ಳೆಯದು.

ಗ್ರೇಗ್ನಮಾನದಲ್ಲಿ ಮೊದಲು ನೋಡಬೇಕಾದದ್ದು ನಾರ್ಮನ್ ಸರದಾರ ವಿಲಿಯಂ ಮಾರ್ಷಲ್ 1204ರಲ್ಲಿ ಸ್ಥಾಪಿಸಿದ ಡುಯಿಸ್ಕ್ ಮಠ. ಅದರ ಚರ್ಚ್ ಇಂದಿಗೂ ಬಳಕೆಯಲ್ಲಿದೆ. ಲೋಹದ ಬಳೆಗಳ ಕವಚ ತೊಟ್ಟು, ಕತ್ತಿಯ ಕಡೆಗೆ ಕೈ ಚಾಚಿದ ಯೋಧನ ಶಿಲಾಮೂರ್ತಿಯೊಂದು ಅಲ್ಲಿದೆ; ಬಳೆ ಬಳೆಯನ್ನೂ ಬಿಡಿಸಿ ಕೆತ್ತಿದ ಆ ಕೆಲಸದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಆಮೇಲೆ ಸೇತುವೆ ದಾಟಿ ಕಾರ್ಲೋ ಕೌಂಟಿಯ ಕಡೆಯ ದಂಡೆಗೆ ಬಂದರೆ, ಹಿಂದೆ ಸರಕಿನ ದೋಣಿಗಳನ್ನು ಕುದುರೆಗಳು ಎಳೆಯುತ್ತಿದ್ದ ದಾರಿ ಸಿಗುತ್ತದೆ. ಸುಮಾರು 6 ಕಿ.ಮೀ. ದೂರದ ಈ ಸಮತಟ್ಟಾದ ದಾರಿಯ ಬಹುಭಾಗ ಹುಲ್ಲಿನದು. ಮಳೆ ಬಿದ್ದ ಮೇಲೆ ಜಾರುವುದರಿಂದ ಹಿಡಿತವಿರುವ ಬೂಟು ಬೇಕು. ನೀರಿನ ಬದಿಗೆ ಬೇಲಿಯಿಲ್ಲ. ಮಕ್ಕಳ ಕೈ ಬಿಡಬಾರದು. ದೋಣಿಗಳನ್ನು ಏರಿಸಿ ಇಳಿಸಲು ನೀರಿನ ಮಟ್ಟ ಹೊಂದಿಸುವ ಕಟ್ಟೆಗಳಲ್ಲಿ (ಲಾಕ್) ಕೊನೆಯದನ್ನು ದಾಟಿದ ಮೇಲೆ ಸಮುದ್ರದ ಉಬ್ಬರವಿಳಿತ ನದಿಗೆ ತಲುಪುತ್ತದೆ, ಇಳಿತದ ಹೊತ್ತಿನಲ್ಲಿ ಕೆಸರಿನ ದಂಡೆ ಕಾಣುತ್ತದೆ.

7ನೇ ಶತಮಾನದ ಸಂತ ಮೋಲಿಂಗ್ ಸೇಂಟ್ ಮಲಿನ್ಸ್‌ನಲ್ಲಿ ಮಠ ಕಟ್ಟಿದನು. ಗಿರಣಿಗೆ ನೀರು ಹರಿಸಲು ಅವನೊಬ್ಬನೇ ವರ್ಷಗಟ್ಟಲೆ ಕಾಲುವೆ ಅಗೆದನೆಂಬ ಐತಿಹ್ಯವಿದೆ. 1348ರಲ್ಲಿ ಮಹಾಮಾರಿ ಪ್ಲೇಗ್ ಹಬ್ಬಿದಾಗ, ಬಿಷಪ್ಪರಿಂದ ಸಾಮಾನ್ಯರವರೆಗೆ ಜನ ತಂಡೋಪತಂಡವಾಗಿ ಇಲ್ಲಿಗೆ ಬಂದು ನೀರಿಗಿಳಿದು ನಡೆದರು, ಕೆಲವರು ಭಕ್ತಿಯಿಂದ, ಹೆಚ್ಚಿನವರು ರೋಗದ ಭಯದಿಂದ ಎಂದು ಕಿಲ್ಕೆನ್ನಿಯ ಪಾದ್ರಿ ಜಾನ್ ಕ್ಲಿನ್ ಬರೆದಿಟ್ಟಿದ್ದಾನೆ. ಇದನ್ನು ತಿಳಿದು ಹೋದವರಿಗೆ ಹಳ್ಳಿಯಲ್ಲಿರುವ ಪುಟ್ಟ ಪವಿತ್ರ ಬಾವಿಯ ಮುಂದೆ ನಿಂತಾಗ ಅದರ ಮಹತ್ವ ಮನಸ್ಸಿಗೆ ನಾಟುತ್ತದೆ. ಯಾತ್ರೆಯ ಸಂಪ್ರದಾಯ ಇನ್ನೂ ನಿಂತಿಲ್ಲ. ಜುಲೈ ತಿಂಗಳ ಒಂದು ಭಾನುವಾರ ಜನ ತಮ್ಮವರ ಸಮಾಧಿಗಳನ್ನು ಅಲಂಕರಿಸಿ ಪ್ರಾರ್ಥನೆಗೆ ಸೇರುತ್ತಾರೆ. ಶಾಂತವಾಗಿ ನೋಡಬಯಸುವವರು ಆ ದಿನವನ್ನು ಬಿಟ್ಟು ಹೋಗಬೇಕು.

ಎತ್ತರದ ಸ್ಮಶಾನದಲ್ಲಿ ಮಠದ ಪಾಳುಗೋಡೆಗಳು, ದುಂಡು ಗೋಪುರದ ಬುಡ, ಕೆತ್ತನೆಯ ಶಿಲುಬೆ, ಬ್ರಿಟಿಷ್ ಆಳ್ವಿಕೆಯ ವಿರುದ್ಧ 1798ರಲ್ಲಿ ಎದ್ದ ಬಂಡಾಯಗಾರರ ಸಮಾಧಿಗಳು ಇವೆ. ಕ್ಯಾಥೊಲಿಕ್ ಪೂಜೆಗೆ ನಿರ್ಬಂಧವಿದ್ದ ಕಾಲದಲ್ಲಿ ಬಯಲಿನಲ್ಲೇ ಪೂಜೆ ನಡೆಸುತ್ತಿದ್ದ ಕಲ್ಲಿನ ವೇದಿಕೆಯನ್ನೂ ಕೇಳಿ ನೋಡಬೇಕು. ಪಕ್ಕದಲ್ಲೇ, 12ನೇ ಶತಮಾನದಲ್ಲಿ ಐರ್ಲೆಂಡಿಗೆ ದಂಡೆತ್ತಿ ಬಂದ ನಾರ್ಮನ್ನರು ಕೋಟೆಗಾಗಿ ಎಬ್ಬಿಸಿದ ಮಣ್ಣಿನ ದಿಬ್ಬವಿದೆ. ಇಲ್ಲಿ ಈಗಲೂ ಶವಸಂಸ್ಕಾರ ನಡೆಯುವುದರಿಂದ ಸಮಾಧಿಗಳನ್ನು ತುಳಿಯದೆ, ಅಂತ್ಯಕ್ರಿಯೆ ನಡೆಯುತ್ತಿದ್ದರೆ ಹೊರಗೇ ಕಾಯುವುದು ಸರಿ. ಮೋಲಿಂಗನ ಹೆಸರಿನ ಸುವಾರ್ತೆಯ ಹಸ್ತಪ್ರತಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಗ್ರಂಥಾಲಯದಲ್ಲಿದೆ. ಅದರ ಕೊನೆಯಲ್ಲಿ ವೃತ್ತಗಳೂ ಶಿಲುಬೆಗಳೂ ಇರುವ ಚಿತ್ರವೊಂದಿದ್ದು, ಅದು ಈ ಮಠದ ನಕ್ಷೆಯಿರಬಹುದೆಂದು ಕೆಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಆ ಚಿತ್ರದ ಪ್ರತಿಯೊಂದನ್ನು ಫೋನಿನಲ್ಲಿ ಇಟ್ಟುಕೊಂಡು ಹೋದರೆ ಸ್ಮಶಾನದಲ್ಲಿ ಸುತ್ತಾಡುವುದಕ್ಕೆ ಬೇರೆಯೇ ರುಚಿ ಬರುತ್ತದೆ.

ನದಿ ಬದಿಯ ಹಳೆಯ ಧಾನ್ಯದ ಉಗ್ರಾಣದಲ್ಲಿ ಕೆಫೆಯಿದೆ, ಆದರೆ ಚಳಿಗಾಲದಲ್ಲಿ ತೆರೆದಿರುತ್ತದೆಂದು ನಂಬಿ ಹೋಗಬಾರದು. ಸಸ್ಯಾಹಾರಿಗಳು ಗ್ರೇಗ್ನಮಾನದಲ್ಲೇ ಬುತ್ತಿ ಕಟ್ಟಿಕೊಳ್ಳಬೇಕು. ಜೂನ್‌ನಲ್ಲಿ ರಾತ್ರಿ ಹತ್ತರ ಸುಮಾರಿಗೂ ಬೆಳಕಿದ್ದರೆ, ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲಾಗುತ್ತದೆ. ಹಿಂದಿರುಗುವ ನಡಿಗೆಯನ್ನು ಆ ಲೆಕ್ಕದಲ್ಲೇ ಶುರುಮಾಡಬೇಕು.