ಇಂಗ್ಲಿಷ್ ಪದ್ಯದ ಅಲಂಕಾರಗಳನ್ನು ಕನ್ನಡದ ಕಿವಿಯಿಂದ ಹಿಡಿಯುವುದು

‘ದಿ ಓಲ್ಡ್ ಹೌಸ್ ಕಾಫ್ಡ್ ಡಸ್ಟ್ ಅಟ್ ಅಸ್’. ಹಳೆಯ ಮನೆ ನಮ್ಮತ್ತ ಧೂಳು ಕೆಮ್ಮಿತು. ಇಂಥ ಸಾಲು ಕಂಡ ಕೂಡಲೇ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ‘ಪರ್ಸಾನಿಫಿಕೇಶನ್’ (ಜಡ ವಸ್ತುವಿಗೆ ಮನುಷ್ಯನ ಗುಣ ಕೊಡುವುದು) ಎಂದು ಬರೆದು ಮುಂದಕ್ಕೆ ಹೋಗುವವರೇ ಹೆಚ್ಚು. ಹೆಸರು ಸರಿಯೇ ಇದೆ. ಆದರೆ ಉತ್ತರ ಇನ್ನೂ ಶುರುವಾಗಿಲ್ಲ. ‘ಇಲ್ಲಿ ಪರ್ಸಾನಿಫಿಕೇಶನ್ ಇದೆ, ಇದು ಪದ್ಯದ ಸೌಂದರ್ಯವನ್ನು ಹೆಚ್ಚಿಸುತ್ತದೆ’ ಎಂಬ ವಾಕ್ಯವನ್ನು ಯಾವ ಪದ್ಯದ ಕೆಳಗಾದರೂ ಅಂಟಿಸಬಹುದು. ಎಲ್ಲದಕ್ಕೂ ಹೊಂದುವ ಮಾತು ಈ ಸಾಲಿನ ಬಗ್ಗೆ ಏನನ್ನೂ ಹೇಳಿಲ್ಲ ಎಂದೇ ಅರ್ಥ.

ಇದಕ್ಕೆ ಸುಲಭದ ಪರೀಕ್ಷೆ ಒಂದಿದೆ. ಅಲಂಕಾರವನ್ನು ತೆಗೆದು ಅದೇ ಸಂಗತಿಯನ್ನು ಬೋಳು ವಾಕ್ಯದಲ್ಲಿ ಬರೆಯಿರಿ: ‘ಹಳೆಯ ಮನೆಯಿಂದ ಧೂಳು ಬಂತು’. ಈಗ ಎರಡನ್ನೂ ಅಕ್ಕಪಕ್ಕ ಇಟ್ಟು, ಕಳೆದುಹೋದದ್ದೇನು ಎಂದು ಕೇಳಿಕೊಳ್ಳಿ. ‘ಕೆಮ್ಮು’ ಹೋದಾಗ ಮನೆಯ ಮುಪ್ಪು, ಕಾಯಿಲೆ ಹೋದವು. ‘ಅಟ್ ಅಸ್’ ಹೋದಾಗ ನಾವು ಅಲ್ಲಿಗೆ ಬೇಡದ ನೆಂಟರು ಎಂಬ ಸೂಚನೆ ಹೋಯಿತು. ಕಳೆದುಹೋದ ಆ ಪಟ್ಟಿಯೇ ನಿಮ್ಮ ಉತ್ತರ. ಅಲಂಕಾರದ ಹೆಸರು ಮರೆತಿದ್ದರೂ ಆ ಪಟ್ಟಿಯನ್ನು ಬರೆದವರು ಪದ್ಯವನ್ನು ಓದಿದ್ದಾರೆ. ಹೆಸರನ್ನಷ್ಟೇ ಬರೆದವರು ಓದಿದ್ದಾರೋ ಇಲ್ಲವೋ ಹೇಳಲಾಗದು.

ಹೆಸರುಗಳೂ ಬೇಕು, ಅದರಲ್ಲಿ ಎರಡು ಮಾತಿಲ್ಲ. ಅವನ್ನು ಕಲಿಯುವಾಗ ಕನ್ನಡ ಓದುಗರಿಗೆ ಒಂದು ದೊಡ್ಡ ಅನುಕೂಲವಿದೆ, ಅದನ್ನು ಬಹುತೇಕರು ಬಳಸಿಕೊಳ್ಳುವುದೇ ಇಲ್ಲ: ನಮ್ಮ ಲಿಪಿ. ಇಂಗ್ಲಿಷ್ ಕಾಗುಣಿತ ಕಣ್ಣಿಗೆ ಮೋಸ ಮಾಡುತ್ತದೆ, ನಾದದ ಅಲಂಕಾರಗಳೆಲ್ಲ ಇರುವುದು ಕಿವಿಗೆ. ‘ಸಿ’ ಅಕ್ಷರದಿಂದ ಶುರುವಾಗುವ ಎರಡು ಪದ ಕಂಡು ಅಲಿಟರೇಶನ್ (ಪದಗಳ ಮೊದಲ ನಾದ ಮರಳುವುದು) ಎಂದು ಬರೆಯುವವರು, ಆ ಪದಗಳನ್ನು ಕನ್ನಡದಲ್ಲಿ ಬರೆದು ನೋಡಲಿ: ಕ್ಯಾಟ್, ಸಿಟಿ. ಅಲಿಟರೇಶನ್ ಇಲ್ಲ. ಅದೇ ‘ಫೋನ್’ ಮತ್ತು ‘ಫೈರ್’ ಇಂಗ್ಲಿಷ್‌ನಲ್ಲಿ ಬೇರೆ ಬೇರೆ ಅಕ್ಷರಗಳಿಂದ ಶುರುವಾದರೂ ನಾದ ಒಂದೇ. ‘ನೈಫ್’ ಪದದ ಮುಂದಿರುವ ‘ಕೆ’ ಕನ್ನಡಕ್ಕೆ ಬಂದೊಡನೆ ಮಾಯ.

ಸಾಲನ್ನು ಪೂರ್ತಿಯಾಗಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡರೆ ಮೂರು ಅಲಂಕಾರ ಒಂದೇ ನೋಟಕ್ಕೆ ಸಿಗುತ್ತವೆ. ಪದಗಳ ಮೊದಲ ವ್ಯಂಜನ ಒಂದೇ ಆಗಿದ್ದರೆ ಅಲಿಟರೇಶನ್. ಸ್ವರದ ಚಿಹ್ನೆ ಒಂದೇ ಆಗಿದ್ದರೆ ಅಸೊನೆನ್ಸ್: ಲೇಟ್, ರೇನ್, ಫೇಡ್ ಈ ಮೂರರಲ್ಲೂ ಏತ್ವದ ದೀರ್ಘ. ಕೊನೆಯ ಅರ್ಧಾಕ್ಷರ ಒಂದೇ ಆಗಿದ್ದು ಒಳಗಿನ ಸ್ವರ ಬೇರೆಯಾಗಿದ್ದರೆ ಕಾನ್ಸೊನೆನ್ಸ್: ಲಕ್, ಬ್ಲ್ಯಾಕ್, ಸ್ಟ್ರೋಕ್. (ಕಾನ್ಸೊನೆನ್ಸ್ ಪದದ ನಡುವೆಯೂ ಬರಬಹುದು, ಕೊನೆಯಲ್ಲಿ ಹುಡುಕುವುದು ಸುಲಭ, ಅಷ್ಟೆ.) ‘ಲವ್’ ಮತ್ತು ‘ಮೂವ್’ ಕಾಗುಣಿತದಲ್ಲಿ ಅವಳಿಗಳಂತಿದ್ದರೂ ಕನ್ನಡದಲ್ಲಿ ಬರೆದಾಗ ಬೇರೆ ಎಂದು ಗೊತ್ತಾಗುತ್ತದೆ. ಇದಕ್ಕೆ ಐ ರೈಮ್ ಎಂದು ಹೆಸರು, ಕಣ್ಣಿಗೆ ಮಾತ್ರ ಪ್ರಾಸ.

ಈ ಉಪಾಯ ಎಡವುವ ಜಾಗಗಳೂ ಇವೆ. ಇಂಗ್ಲಿಷ್‌ನ ‘ವಿ’ ಮತ್ತು ‘ಡಬ್ಲ್ಯೂ’ ಎರಡಕ್ಕೂ ನಾವು ‘ವ’ ಬರೆಯುತ್ತೇವೆ. ಹಾಗಾಗಿ ಬಳ್ಳಿಯ ‘ವೈನ್’ ಮತ್ತು ಕುಡಿಯುವ ‘ವೈನ್’ ಕನ್ನಡದಲ್ಲಿ ಒಂದೇ ಆಗಿಬಿಡುತ್ತವೆ. ಇಂಗ್ಲಿಷ್ ಕಿವಿಗೆ ಅವು ಅಲಿಟರೇಶನ್ ಆಗುವುದಿಲ್ಲ. ‘ಬಾಲ್’ ಮತ್ತು ‘ಕಾರ್’ ಎರಡಕ್ಕೂ ದೀರ್ಘ ‘ಆ’ ಹಾಕುತ್ತೇವೆ, ಅಲ್ಲಿನ ಸ್ವರಗಳು ಬೇರೆ. ಈ ಎರಡು ಕಡೆ ಗಟ್ಟಿಯಾಗಿ ಉಚ್ಚರಿಸಿ ನೋಡದೆ ಬೇರೆ ದಾರಿಯಿಲ್ಲ.

ಲಿಪಿ ನೆರವಾದಂತೆ ನಮ್ಮ ಅಲಂಕಾರ ಪಾಠವೂ ನೆರವಾಗುತ್ತದೆ. ಉಪಮೆಯನ್ನು ಕಲಿತವರಿಗೆ ಸಿಮಿಲಿ ಹೊಸದಲ್ಲ. ಉಪಮೇಯ (ಯಾವುದನ್ನು ಹೋಲಿಸುತ್ತೇವೋ ಅದು), ಉಪಮಾನ (ಯಾವುದಕ್ಕೆ ಹೋಲಿಸುತ್ತೇವೋ ಅದು), ವಾಚಕ ಪದ (‘ಅಂತೆ’, ‘ಹಾಗೆ’ ಇಂಥವು), ಸಮಾನ ಧರ್ಮ (ಎರಡಕ್ಕೂ ಇರುವ ಗುಣ) ಎಂದು ನಾಲ್ಕು ಭಾಗ ಮಾಡುವ ನಮ್ಮ ಕ್ರಮ ಇಂಗ್ಲಿಷ್ ಸಾಲಿಗೂ ಹಾಗೆಯೇ ಒಪ್ಪುತ್ತದೆ. ಇಂಗ್ಲಿಷ್ ವಿಮರ್ಶೆಯಲ್ಲಿ ರೂಪಕದ ಎರಡು ಭಾಗಗಳಿಗೆ ‘ಟೆನರ್’, ‘ವೆಹಿಕಲ್’ ಎಂಬ ಹೆಸರುಗಳು ಬಂದದ್ದು 1936ರಲ್ಲಿ, ಐ. ಎ. ರಿಚರ್ಡ್ಸ್ ಅವರಿಂದ. ಟೆನರ್ ಎಂದರೆ ಹೆಚ್ಚುಕಡಿಮೆ ನಮ್ಮ ಉಪಮೇಯ, ವೆಹಿಕಲ್ ಎಂದರೆ ಉಪಮಾನ. ಸಾಲಿನಲ್ಲಿ ಬಾಯಿಬಿಟ್ಟು ಹೇಳದಿರುವ ಭಾಗ ಸಾಮಾನ್ಯವಾಗಿ ಸಮಾನ ಧರ್ಮ. ಅದನ್ನು ಹುಡುಕಿ ಬರೆಯುವುದೇ ವಿವರಣೆ.

‘ಲೈಕ್’ ಅಥವಾ ‘ಆಸ್’ ಕಂಡರೆ ಸಾಕು, ಸಿಮಿಲಿ ಎಂದು ಬರೆಯುವ ಅಭ್ಯಾಸ ಮಾತ್ರ ಬಿಡಬೇಕು. ‘ಶಿ ರನ್ಸ್ ಲೈಕ್ ಹರ್ ಮದರ್’ ಬರೀ ಹೋಲಿಕೆ, ಏಕೆಂದರೆ ಎರಡೂ ಕಡೆ ಓಡುವ ಮನುಷ್ಯರೇ. ‘ಶಿ ರನ್ಸ್ ಲೈಕ್ ದ ವಿಂಡ್’ ಸಿಮಿಲಿ, ಏಕೆಂದರೆ ಗಾಳಿ ಮತ್ತು ಹುಡುಗಿ ಬೇರೆ ಜಾತಿಯ ವಸ್ತುಗಳು. ‘ಆಸ್’ ಹಲವು ಕಡೆ ‘ಆಗ’, ‘ಏಕೆಂದರೆ’ ಎಂಬ ಅರ್ಥದಲ್ಲೂ ಬರುತ್ತದೆ ಎಂಬುದು ನೆನಪಿರಲಿ.

ಮೆಟಫರ್ ವಿಷಯದಲ್ಲಿ ತಪ್ಪುವುದು ಬೇರೆ ಕಡೆ. ‘ಇದು ಅದೇ’ ಎಂಬ ಅಚ್ಚಿನ ವಾಕ್ಯವನ್ನೇ ಹುಡುಕುತ್ತಾರೆ, ಆದರೆ ಒಳ್ಳೆಯ ರೂಪಕಗಳು ಕ್ರಿಯಾಪದದಲ್ಲಿ ಅಡಗಿರುತ್ತವೆ. ‘ಶಿ ಸ್ವಾಲೋಡ್ ಹರ್ ಆಂಗರ್’ ಎಂಬಲ್ಲಿ ಕೋಪವನ್ನು ತುತ್ತಾಗಿಸಿದ್ದು ‘ನುಂಗಿದಳು’ ಎಂಬ ಒಂದೇ ಪದ. ನಾವೂ ದಿನನಿತ್ಯ ಕೋಪ ನುಂಗುತ್ತೇವೆ, ದುಃಖ ನುಂಗುತ್ತೇವೆ. ಅತಿ ಬಳಕೆಯಿಂದ ಚಿತ್ರ ಅಳಿಸಿಹೋದವು, ಮೇಜಿನ ಕಾಲು, ಬಾಟಲಿಯ ಕತ್ತು ಇಂಥವು, ಸತ್ತ ರೂಪಕಗಳು. ಕವಿ ಅವಕ್ಕೆ ಮತ್ತೆ ಜೀವ ಕೊಟ್ಟಿಲ್ಲದಿದ್ದರೆ ಅವನ್ನು ಎಣಿಸಬೇಡಿ.

ಕನ್ನಡದ ಜ್ಞಾನವೇ ದಾರಿ ತಪ್ಪಿಸುವ ಕೆಲವು ಕಡೆಗಳಿವೆ. ಎಲ್ಲಕ್ಕಿಂತ ದೊಡ್ಡದು ‘ಉತ್ಪ್ರೇಕ್ಷೆ’. ಮಾತಿನಲ್ಲಿ ನಾವು ಉತ್ಪ್ರೇಕ್ಷೆ ಎನ್ನುವುದು ಇಲ್ಲದ್ದನ್ನು ಹಿಗ್ಗಿಸಿ ಹೇಳುವುದಕ್ಕೆ. ಹಾಗಾಗಿ ಹೈಪರ್ಬೊಲಿ ಎಂದರೆ ಉತ್ಪ್ರೇಕ್ಷಾಲಂಕಾರ ಎಂದು ಟಿಪ್ಪಣಿ ಬರೆದುಕೊಳ್ಳುತ್ತಾರೆ. ಅಲಂಕಾರಶಾಸ್ತ್ರದಲ್ಲಿ ಉತ್ಪ್ರೇಕ್ಷೆ ಎಂದರೆ ಒಂದನ್ನು ಇನ್ನೊಂದೆಂದು ಸಂಭಾವಿಸುವುದು, ‘ಅದೇನು ಇದೋ ಎಂಬಂತೆ’ ಎನ್ನುವುದು. ಹೈಪರ್ಬೊಲಿಗೆ ಸರಿಹೊಂದುವುದು ಅತಿಶಯೋಕ್ತಿ. ನಮ್ಮ ಉತ್ಪ್ರೇಕ್ಷೆಗೆ ಇಂಗ್ಲಿಷ್ ತರಗತಿಯಲ್ಲಿ ಪ್ರತ್ಯೇಕ ಹೆಸರಿಲ್ಲ. ‘ಆಸ್ ಇಫ್’ ಇರುವ ಸಾಲುಗಳು ಅಲ್ಲಿ ಸಿಮಿಲಿಯ ಲೆಕ್ಕಕ್ಕೇ ಸೇರುತ್ತವೆ.

ಎರಡನೆಯದು ಅನುಕರಣಾವ್ಯಯ. ಒನೊಮಟೊಪಿಯಾ ಎಂದರೆ ಸದ್ದನ್ನು ಹೋಲುವ ಪದ: ಬಜ್, ಹಿಸ್, ಕ್ಲಿಕ್. ನಮ್ಮ ಚಟಚಟ, ದಡದಡ ಅದೇ ಜಾತಿ. ಆದರೆ ಕನ್ನಡ ಅಷ್ಟಕ್ಕೇ ನಿಲ್ಲುವುದಿಲ್ಲ. ಥಳಥಳ ಬೆಳಕಿಗೆ, ಘಮಘಮ ಪರಿಮಳಕ್ಕೆ. ಇವುಗಳಿಗೆ ಸದ್ದೇ ಇಲ್ಲ! ಇದು ನಮ್ಮ ಭಾಷೆಯ ಸೊಗಸು. ಆದರೆ ಅದೇ ಅಳತೆಗೋಲು ಹಿಡಿದು ‘ಗ್ಲಿಟರ್’, ‘ಶೈನ್’ ಪದಗಳನ್ನು ಒನೊಮಟೊಪಿಯಾ ಎಂದರೆ ತಪ್ಪಾಗುತ್ತದೆ. ಸದ್ದು ಇರಲೇಬೇಕು.

ಪರ್ಸಾನಿಫಿಕೇಶನ್‌ನಲ್ಲೂ ಇಂಥದೇ ಒಂದು ಸೂಕ್ಷ್ಮವಿದೆ. ಜಡ ವಸ್ತುವಿಗೆ ಜೀವ ಕೊಟ್ಟರೆ ಸಾಲದು, ಮನುಷ್ಯನ ಗುಣವನ್ನೇ ಕೊಡಬೇಕು. ‘ದ ವಿಂಡ್ ಹೌಲ್ಡ್’ ಎಂದಾಗ ಗಾಳಿ ಊಳಿಟ್ಟಿತು, ಊಳಿಡುವುದು ತೋಳ. ಅದನ್ನು ಮೆಟಫರ್ ಎಂದು ಕರೆದರೆ ಹೆಚ್ಚು ಸರಿ. ‘ದ ವಿಂಡ್ ಕಂಪ್ಲೇನ್ಡ್’ ಎಂದರೆ ಪರ್ಸಾನಿಫಿಕೇಶನ್, ದೂರುವುದು ಮನುಷ್ಯರ ಕೆಲಸ.

ಮೂರನೆಯದು ಪ್ರಾಸ ಮತ್ತು ಛಂದಸ್ಸು. ನಮ್ಮ ಹಳೆಯ ಕಾವ್ಯದಲ್ಲಿ ಪ್ರಾಸ ಎಂದರೆ ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರುವುದು. ಇಂಗ್ಲಿಷ್‌ನ ರೈಮ್ ಸ್ಕೀಮ್ ನೋಡುವುದು ಸಾಲಿನ ತುದಿಯನ್ನು. ಛಂದಸ್ಸಿನಲ್ಲಿ ಇನ್ನೂ ಆಳದ ವ್ಯತ್ಯಾಸವಿದೆ. ನಾವು ಗುರು ಲಘು ಎಂದು ಹೊತ್ತನ್ನು ಅಳೆಯುತ್ತೇವೆ, ಇಂಗ್ಲಿಷ್ ಒತ್ತನ್ನು ಅಳೆಯುತ್ತದೆ. ‘ದ ರಿವರ್ ಬೆಂಡ್ಸ್ ಬಿಸೈಡ್ ದ ಸೈಲೆಂಟ್ ಹಿಲ್’ ಎಂಬ ಸಾಲನ್ನು ತೆಗೆದುಕೊಳ್ಳಿ. ಹತ್ತು ಉಚ್ಚಾರಾಂಶ, ಐದು ಗಣ. ಪ್ರತಿ ಗಣದಲ್ಲಿ ಮೊದಲನೆಯದು ಹಗುರ, ಎರಡನೆಯದಕ್ಕೆ ಒತ್ತು. ಇದೇ ಅಯಾಂಬಿಕ್ ಪೆಂಟಾಮೀಟರ್. ಒತ್ತು ಬೀಳುವುದು ರಿ, ಬೆಂಡ್ಸ್, ಸೈಡ್, ಸೈ, ಹಿಲ್ ಇವುಗಳ ಮೇಲೆ. ನಮ್ಮ ಲೆಕ್ಕದಲ್ಲಿ ‘ರಿ’ ಲಘು, ಆದರೂ ಒತ್ತು ಅದಕ್ಕೇ. ‘ವರ್’, ‘ಲೆಂಟ್’ ನಮಗೆ ಗುರು, ಆದರೆ ಅಲ್ಲಿ ಒತ್ತಿಲ್ಲ. ಗುರು ಲಘು ಹಾಕುತ್ತ ಕೂತರೆ ಇಂಗ್ಲಿಷ್ ಸಾಲು ಯಾವತ್ತೂ ಕೈಗೆ ಸಿಗುವುದಿಲ್ಲ. ಎರಡು ಮೂರು ಉಚ್ಚಾರಾಂಶದ ಪದಗಳ ಒತ್ತನ್ನು ಮೊದಲು ನಿಘಂಟಿನಲ್ಲಿ ನೋಡಿ, ಒತ್ತಿನ ಭಾಗ ಶುರುವಾಗುವ ಮೊದಲು ಮೇಲುಗಡೆ ಚಿಕ್ಕ ಗೆರೆಯೊಂದು ಸಾಮಾನ್ಯವಾಗಿ ಇರುತ್ತದೆ. ಅಲ್ಲಿಂದ ಉಳಿದ ಪದಗಳಿಗೆ ಸಾಗಿ. ‘ದ’, ‘ಆಫ್’, ‘ಟು’ ಮೊದಲಾದ ಚಿಕ್ಕ ಪದಗಳು ಸಾಮಾನ್ಯವಾಗಿ ಹಗುರ.

ಮೆಟೊನಿಮಿ ಮತ್ತು ಸಿನೆಕ್ಡಕಿ ಎಂಬ ಜೋಡಿಗೆ ಎಲ್ಲರೂ ಹೆದರುತ್ತಾರೆ, ಕಾರಣವಿಲ್ಲದೆ. ಎರಡೂ ಒಂದರ ಹೆಸರಲ್ಲಿ ಇನ್ನೊಂದನ್ನು ಹೇಳುವ ಬಗೆಗಳು, ನಮ್ಮ ಶಾಸ್ತ್ರದ ಲಕ್ಷಣಾವೃತ್ತಿಯ (ಪದ ನೇರ ಅರ್ಥ ಬಿಟ್ಟು ಅದಕ್ಕೆ ಸಂಬಂಧಪಟ್ಟ ಅರ್ಥ ಕೊಡುವುದರ) ಹತ್ತಿರದವು. ಹೇಳಿದ ವಸ್ತು ಹೇಳಬೇಕಾದ ವಸ್ತುವಿನ ಅಂಗವೇ ಎಂದು ಕೇಳಿ. ಹಡಗಿನ ಕೆಲಸಗಾರರನ್ನು ‘ಹ್ಯಾಂಡ್ಸ್’ ಎಂದರೆ ಕೈ ಅವರ ಅಂಗ, ಆದ್ದರಿಂದ ಸಿನೆಕ್ಡಕಿ. ರಾಜನನ್ನು ‘ಕ್ರೌನ್’ ಎಂದರೆ ಕಿರೀಟ ಅವನ ಅಂಗವಲ್ಲ, ಅವನೊಂದಿಗೆ ಇರುವ ವಸ್ತು, ಆದ್ದರಿಂದ ಮೆಟೊನಿಮಿ. ‘ಊರೇ ಸೇರಿತ್ತು’ ಎನ್ನುವಾಗ ಸೇರಿದ್ದು ಜನ. ಅದೂ ಮೆಟೊನಿಮಿಯೇ.

ಐರನಿಯ ದುರ್ಬಳಕೆ ಇನ್ನೂ ಹೆಚ್ಚು. ಮದುವೆಯ ದಿನ ಮಳೆ ಬಂದರೆ ಅದು ದುರದೃಷ್ಟ. ಮಳೆ ಬಾರದ ದಿನವೆಂದು ಲೆಕ್ಕ ಹಾಕಿ ಹೇಳಿದ ಹವಾಮಾನ ತಜ್ಞನ ಮದುವೆಯಲ್ಲೇ ಮಳೆ ಬಂದರೆ ಐರನಿ. ಕಾಗದದ ನಡುವೆ ಗೆರೆ ಎಳೆದು, ಎಡಕ್ಕೆ ನಿರೀಕ್ಷಿಸಿದ್ದು ಅಥವಾ ಹೇಳಿದ್ದು, ಬಲಕ್ಕೆ ನಡೆದದ್ದು ಅಥವಾ ಅದರ ನಿಜವಾದ ಅರ್ಥ ಬರೆಯಿರಿ. ಎರಡೂ ಬೇರೆಯಾಗಿದ್ದರೆ ಸಾಲದು, ಒಂದಕ್ಕೊಂದು ಎದುರಾಗಿರಬೇಕು. ಮಾತಿನ ಮಟ್ಟದಲ್ಲಿದ್ದರೆ ವರ್ಬಲ್ ಐರನಿ. ಹೊಗಳಿಕೆಯ ವೇಷದಲ್ಲಿ ತೆಗಳುವ ನಮ್ಮ ವ್ಯಾಜಸ್ತುತಿ ಇದರ ಹತ್ತಿರದ ಬಂಧು. ಘಟನೆಯ ಮಟ್ಟದಲ್ಲಿದ್ದರೆ ಸಿಚುವೇಶನಲ್. ಪಾತ್ರಕ್ಕೆ ಗೊತ್ತಿಲ್ಲದ್ದು ನೋಡುವವರಿಗೆ ಗೊತ್ತಿದ್ದರೆ ಡ್ರಮ್ಯಾಟಿಕ್. ಸಾರ್ಕಾಸಂ ಎನ್ನಲು ನೋಯಿಸುವ ಉದ್ದೇಶ ಇರಬೇಕು.

ಟೋನ್ ಮತ್ತು ಮೂಡ್ ಬೇರೆ ಮಾಡಲು ಯಾರದು ಎಂದು ಕೇಳಿದರೆ ಸಾಕು. ಟೋನ್ ಹೇಳುವವನ ಧೋರಣೆ, ಮೂಡ್ ಓದುವವರಲ್ಲಿ ಹುಟ್ಟುವ ಭಾವ. ಹೇಳುವವನು ಎಂದರೆ ಪದ್ಯದೊಳಗಿನ ದನಿ. ಕವಿಯೇ ಎಂದು ಎಣಿಸಬಾರದು. ಥೀಮ್ ಒಂದೇ ಪದದಲ್ಲಿ ಮುಗಿಯದು. ‘ಯುದ್ಧ’ ವಿಷಯ ಮಾತ್ರ. ‘ಯುದ್ಧ ಗೆದ್ದವರನ್ನೂ ಬಡವಾಗಿಸುತ್ತದೆ’ ಎಂದು ಪೂರ್ತಿ ವಾಕ್ಯವಾದಾಗ ಅದು ಥೀಮ್.

ಭಾಷಣಗಳ ಪಾಠಕ್ಕೆ ಬಂದರೆ ಅರಿಸ್ಟಾಟಲ್ ಹೇಳಿದ ಈಥೋಸ್, ಪೇಥೋಸ್, ಲೋಗೋಸ್ ಮೊದಲು ಎದುರಾಗುತ್ತವೆ: ಮಾತಾಡುವವನ ಮೇಲಿನ ನಂಬಿಕೆ, ಕೇಳುವವರ ಭಾವನೆ, ಮಾತಿನ ತರ್ಕ. ಇಡೀ ಭಾಷಣಕ್ಕೆ ‘ಪೇಥೋಸ್’ ಎಂದು ಒಂದೇ ಚೀಟಿ ಅಂಟಿಸಬೇಡಿ. ಒಂದೇ ವಾಕ್ಯದಲ್ಲಿ ಮೂರೂ ಇರಬಹುದು, ವಾಕ್ಯವಾರು ನೋಡಿ. ವಾಕ್ಯಗಳ ಆರಂಭದಲ್ಲಿ ಅದೇ ಪದಗಳು ಮರಳಿ ಬಂದರೆ ಅನಾಫೊರಾ. ಮಾರ್ಟಿನ್ ಲೂಥರ್ ಕಿಂಗ್ 1963ರ ಆಗಸ್ಟ್ 28ರಂದು ‘ಐ ಹ್ಯಾವ್ ಎ ಡ್ರೀಮ್’ ಎಂದು ಮತ್ತೆ ಮತ್ತೆ ಶುರು ಮಾಡಿದ್ದು ಇದೇ. ತುದಿಯಲ್ಲಿ ಮರಳಿ ಬಂದರೆ ಎಪಿಸ್ಟ್ರೊಫಿ. ಸೀಸರ್‌ನ ಹೆಸರಲ್ಲಿ ಉಳಿದಿರುವ ‘ಬಂದೆ, ನೋಡಿದೆ, ಗೆದ್ದೆ’ ಮಾತಿನಲ್ಲಿ ‘ಮತ್ತು’ ಇಲ್ಲದಿರುವುದೇ ಅಲಂಕಾರ, ಅಸಿಂಡಿಟನ್. ನಡುವೆ ‘ಮತ್ತು’ ತುರುಕಿ ಓದಿ ನೋಡಿ, ಗೆಲುವಿನ ವೇಗವೇ ಕುಸಿಯುತ್ತದೆ. ಪ್ರಶ್ನೆ ಕೇಳಿ ಉತ್ತರವನ್ನು ಕೇಳುಗರಿಗೇ ಬಿಟ್ಟರೆ ರೆಟಾರಿಕಲ್ ಕ್ವೆಶ್ಚನ್, ಭಾಷಣಕಾರರೇ ಉತ್ತರ ಕೊಟ್ಟರೆ ಹೈಪೊಫೊರಾ.

ಓದುವ ಕ್ರಮ ಹೀಗಿರಲಿ. ಮೊದಲ ಸಲ ಪೆನ್ಸಿಲ್ ಮುಟ್ಟದೆ, ಗಟ್ಟಿಯಾಗಿ, ಪೂರ್ತಿ ಓದಿ. ಎರಡನೆಯ ಸಲ ಭಾಷೆ ಸಾಮಾನ್ಯ ಮಾತಿನ ದಾರಿ ಬಿಟ್ಟ ಕಡೆಯೆಲ್ಲ ಗೆರೆ ಎಳೆಯಿರಿ, ಹೆಸರು ಬರೆಯದೆ. ಮೂರನೆಯ ಸಲ ಗೆರೆ ಬಿದ್ದ ಜಾಗಗಳಿಗೆ ಬೋಳು ವಾಕ್ಯದ ಪರೀಕ್ಷೆ ಮಾಡಿ, ಹೆಚ್ಚು ಕಳೆದುಹೋಗುವ ಎರಡು ಮೂರನ್ನು ಮಾತ್ರ ಇಟ್ಟುಕೊಳ್ಳಿ. ಹೆಸರಿಡುವುದು ಆಮೇಲೆ. ಹೆಸರಿನಿಂದ ಶುರು ಮಾಡಿದವರಿಗೆ ಪಟ್ಟಿಯಲ್ಲಿ ಇರುವುದಷ್ಟೇ ಕಾಣುತ್ತದೆ, ಪದ್ಯದಲ್ಲಿ ಇರುವುದು ಕಾಣುವುದಿಲ್ಲ.

ಬರೆಯುವಾಗ ಮೂಲದಿಂದ ಮೂರರಿಂದ ಆರು ಪದ ಎತ್ತಿಕೊಂಡರೆ ಸಾಕು. ಇಡೀ ಸಾಲು ಇಳಿಸಿದರೆ ಯಾವ ಪದದ ಬಗ್ಗೆ ಮಾತಾಡುತ್ತಿದ್ದೀರಿ ಎಂಬುದೇ ಮಸುಕಾಗುತ್ತದೆ. ಮನೆಯ ಸಾಲಿಗೆ ಉತ್ತರ ಹೀಗೆ ಬರಬಹುದು: ‘ಕಾಫ್ಡ್ ಡಸ್ಟ್ ಅಟ್ ಅಸ್ ಎಂಬ ಪರ್ಸಾನಿಫಿಕೇಶನ್ ಮನೆಯನ್ನು ಕಾಯಿಲೆಯ ಮುದುಕನನ್ನಾಗಿ ಮಾಡುತ್ತದೆ. ಕೆಮ್ಮು ತಡೆಯಲಾಗದ ಕ್ರಿಯೆ. ಅಟ್ ಅಸ್ ಎಂಬುದು ಅದಕ್ಕೆ ಗುರಿ ಕೊಡುತ್ತದೆ. ಹಾಗಾಗಿ ಆ ಮನೆ ನಿಸ್ಸಹಾಯಕವಾಗಿಯೂ ಮುನಿಸಿಕೊಂಡಂತೆಯೂ ಕಾಣುತ್ತದೆ, ಒಳಗೆ ಕಾಲಿಟ್ಟವರು ಅತಿಕ್ರಮಿಗಳೆನಿಸುತ್ತಾರೆ.’ ನಾಲ್ಕು ವಾಕ್ಯ. ಅಲಂಕಾರದ ಹೆಸರು ಬಂದದ್ದು ಒಂದೇ ಸಲ, ಅದೂ ಮೊದಲ ವಾಕ್ಯದ ನಡುವೆ ಎಲ್ಲೋ.